ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಮಾತು: ನಿಮ್ಮ ಪ್ರಶ್ನೆ, ತಜ್ಞರ ಉತ್ತರ

ನವೆಂಬರ್ 17 ವಿಶ್ವ ಅವಧಿಪೂರ್ವ ಜನನ ದಿನ. ಆ ನೆಪದಲ್ಲಿ ಈ ಬಗ್ಗೆ ಪ್ರಶ್ನೆ ಕಳಿಸಲು ಓದುಗರನ್ನು ಕೇಳಿದ್ದೆವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಮಕ್ಕಳ ವೈದ್ಯರು ಮತ್ತು ವಾಕ್-ಶ್ರವಣ ತಜ್ಞರು ಇಲ್ಲಿ ಉತ್ತರಿಸಿದ್ದಾರೆ. 37 ವಾರ ತುಂಬುವ ಮೊದಲು ಹುಟ್ಟಿದ ಮಕ್ಕಳನ್ನೆಲ್ಲ ಅವಧಿಪೂರ್ವ ಎಂದೇ ಕರೆದರೂ 36 ವಾರದ ಕೂಸಿಗೂ 28 ವಾರದ ಕೂಸಿಗೂ ಅಜಗಜಾಂತರ. ವಾರ, ತೂಕ, ಆಸ್ಪತ್ರೆಯಲ್ಲಿದ್ದ ದಿನ ಇವನ್ನು ಬರೆದವರಿಗೆ ಖಚಿತ ಉತ್ತರ ಕೊಡುವುದು ಸುಲಭವಾಯಿತು.

ಪ್ರಶ್ನೆ: ನನ್ನ ಮಗಳು 29 ವಾರಕ್ಕೇ ಹುಟ್ಟಿದಳು, ತೂಕ 1,150 ಗ್ರಾಂ ಇತ್ತು. ಈಗ 14 ತಿಂಗಳು. ಇನ್ನೂ ‘ಅವ್ವ’ ಅಂತ ಸೈತ ಅನ್ನಂಗಿಲ್ಲ. ಬಾಜೂ ಮನಿ ಹುಡುಗ ಇದೇ ವಯಸ್ಸಿನಾಂವ, ಐದಾರು ಮಾತು ಆಡ್ತಾನ. ಮನ್ಯಾಗ ಎಲ್ಲಾರೂ ‘ತಡಾ ಆದ್ರೂ ಬರ್ತೈತಿ, ಸುಮ್ನಿರು’ ಅಂತಾರ. ಸುಮ್ನಿರಲೇನು?
(ತಾಯಿ, ಗದಗ-ಬೆಟಗೇರಿ)

ಮೊದಲು ವಯಸ್ಸನ್ನು ಸರಿಯಾಗಿ ಎಣಿಸೋಣ. 40 ವಾರಕ್ಕೆ ಹುಟ್ಟಬೇಕಾದ ಮಗು 29ಕ್ಕೆ ಹುಟ್ಟಿದೆ, ಅಂದರೆ 11 ವಾರ ಮುಂಚೆ. 14 ತಿಂಗಳಿನಿಂದ ಆ 11 ವಾರ ಕಳೆದರೆ ನಿಮ್ಮ ಮಗಳು ಸುಮಾರು ಹನ್ನೊಂದೂವರೆ ತಿಂಗಳಿನವಳು. ಇದನ್ನು ಸರಿಪಡಿಸಿದ ವಯಸ್ಸು ಎನ್ನುತ್ತೇವೆ. ಲೆಕ್ಕ ಕಠಿಣ ಅನಿಸಿದರೆ ತಾಯಿ ಕಾರ್ಡಿನಲ್ಲಿ ಡಾಕ್ಟರು ಬರೆದಿರುವ ಹೆರಿಗೆಯ ಡೇಟ್ ನೋಡಿ, ಮಗು ಆ ದಿನ ಹುಟ್ಟಿದ್ದು ಎಂದೇ ಎಣಿಸಿ. ಮಾತು, ನಡಿಗೆ, ಆಟ ಎಲ್ಲವನ್ನೂ ಎರಡು ವರ್ಷದವರೆಗೆ ಈ ವಯಸ್ಸಿನಿಂದಲೇ ಅಳೆಯಬೇಕು. ಲಸಿಕೆಗೆ ಮಾತ್ರ ಈ ಲೆಕ್ಕ ಸಲ್ಲದು. ಅದು ಹುಟ್ಟಿದ ತಾರೀಖಿನ ಪ್ರಕಾರವೇ ಆಗಬೇಕು.

ಹನ್ನೊಂದೂವರೆ ತಿಂಗಳಿಗೆ ಮಾತು ಬಾರದಿರುವುದು ಚಿಂತೆಯ ಸಂಗತಿಯಲ್ಲ. ಹಾಗಂತ ‘ಸುಮ್ನಿರು’ ಎಂಬ ಸಲಹೆಯನ್ನೂ ನಾವು ಒಪ್ಪುವುದಿಲ್ಲ. ಮೊದಲ ಮಾತು ಬರುವ ಮುಂಚೆ ಹಲವು ಸಂಗತಿಗಳು ಒಂದರ ಮೇಲೊಂದು ಕೂಡಬೇಕು. ಅವು ಕಾಣುತ್ತಿವೆಯೇ ಎಂದು ಇವತ್ತೇ ನೋಡಬಹುದು. ‘ಬಬಬ’, ‘ದದದ’, ‘ಮಮಮ’ ಎಂದು ಉಲಿಯುತ್ತಾಳೆಯೇ? ಸುಮ್ಮನೆ ‘ಆ’, ‘ಊ’ ಎನ್ನುವುದು ಇದಕ್ಕೆ ಸಮವಲ್ಲ, ವ್ಯಂಜನ ಸೇರಿರಬೇಕು. ಬೆನ್ನ ಹಿಂದಿನಿಂದ, ಬಳೆ ಸದ್ದೂ ಆಗದಂತೆ ಹೆಸರು ಹಿಡಿದು ಕರೆದರೆ ತಿರುಗುತ್ತಾಳೆಯೇ? ಎತ್ತಿಕೋ ಎಂದು ಕೈ ಚಾಚುತ್ತಾಳೆಯೇ, ಟಾಟಾ ಮಾಡುತ್ತಾಳೆಯೇ, ಕೊಡು ಎಂದಾಗ ಕೈಯಲ್ಲಿದ್ದುದನ್ನು ಕೊಡುತ್ತಾಳೆಯೇ? ಬೇಕಾದ ವಸ್ತುವಿನ ಕಡೆ ಬೆರಳು ಮಾಡಿ ನಿಮ್ಮ ಮುಖ ನೋಡುವುದು ಇನ್ನೇನು ಶುರುವಾಗಬೇಕು. ಇವುಗಳಲ್ಲಿ ಹೆಚ್ಚಿನವು ಇದ್ದರೆ ಮಾತು ದಾರಿಯಲ್ಲಿದೆ. ಸರಿಪಡಿಸಿದ ವಯಸ್ಸು 10 ತಿಂಗಳು ದಾಟಿದರೂ ‘ಬಬಬ’ ಉಲಿ ಇಲ್ಲವೆಂದರೆ ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ. ಹಿಂದೆ ಪಾಸಾಗಿದ್ದರೂ ಮಾಡಿಸಿ.

ಮುಂದಿನ ಗುರುತುಗಳನ್ನೂ ಬರೆದಿಟ್ಟುಕೊಳ್ಳಿ, ಎಲ್ಲವೂ ಸರಿಪಡಿಸಿದ ವಯಸ್ಸಿಗೆ: 12 ತಿಂಗಳಿಗೆ ಸನ್ನೆಯೇ ಇಲ್ಲ, 16 ತಿಂಗಳಿಗೆ ಒಂದೂ ಪದವಿಲ್ಲ, 24 ತಿಂಗಳಿಗೆ ‘ಅವ್ವಾ ಬಾ’, ‘ಹಾಲ ಬೇಕ’ ಎಂಬಂಥ ಎರಡು ಪದಗಳ ಜೋಡಿಯಿಲ್ಲ ಅಥವಾ ಒಟ್ಟು ಪದಗಳು 50ಕ್ಕೂ ಕಡಿಮೆ. ಇವುಗಳಲ್ಲಿ ಯಾವುದು ಕಂಡರೂ ತಜ್ಞರಿಗೆ ತೋರಿಸಿ. ಬಂದ ಮಾತು ನಿಂತುಹೋದರೆ ವಯಸ್ಸು ನೋಡದೆ ತಕ್ಷಣ ತೋರಿಸಬೇಕು. ಪದ ಎಣಿಸುವಾಗ ಜಿಪುಣತನ ಬೇಡ. ನಾಯಿ ಕಂಡಾಗಲೆಲ್ಲ ‘ಬೌ’ ಎಂದರೆ ಅದು ಪದ. ಆಕಳಿಗೆ ‘ಅಂಬಾ’, ಇಲ್ಲ ಎನ್ನಲು ‘ಇಯ್ಯ’ ಎಂದರೂ ಪದವೇ. ಉಚ್ಚಾರ ಹೇಗಾದರೂ ಇರಲಿ, ಪ್ರತಿ ಸಲ ಅದೇ ಅರ್ಥಕ್ಕೆ ಅದೇ ಸದ್ದು ಬಂದರೆ ಸಾಕು.

ಮನೆಯಲ್ಲಿ ಮಾಡುವುದು ಏನು? ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ, ಟಿವಿ ಆರಿಸಿ ಮಗುವಿನ ಎದುರು ಅವಳ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಅವಳು ಯಾವುದನ್ನು ನೋಡುತ್ತಿದ್ದಾಳೋ ಅದರ ಬಗ್ಗೆ ಒಂದು ಸಣ್ಣ ಮಾತು ಆಡಿ: ‘ರೊಟ್ಟಿ. ಪಟ್ ಪಟ್. ಬಿಸಿ ರೊಟ್ಟಿ.’ ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಒಂದರಿಂದ ಐದರವರೆಗೆ, ಬೇಕಾದರೆ ಹತ್ತರವರೆಗೆ ಎಣಿಸಿ. ಈ ಕಾಯುವಿಕೆಯಲ್ಲೇ ಬಹಳ ಮನೆಗಳು ಎಡವುತ್ತವೆ. ಬೇಗ ಹುಟ್ಟಿದ ಮಕ್ಕಳು ಉತ್ತರ ಕೊಡುವುದು ನಿಧಾನ, ಅವರ ಸೂಚನೆಯೂ ಸಣ್ಣದು; ಒಂದು ನೋಟ, ತುಟಿಯ ಒಂದು ಅಲುಗಾಟ ಅಷ್ಟೇ. ಅದು ಕಾಣದೆ ದೊಡ್ಡವರು ಇನ್ನಷ್ಟು ಮಾತಾಡಿ ಮಗುವಿನ ಸರದಿಯನ್ನೂ ತಾವೇ ತುಂಬಿಬಿಡುತ್ತಾರೆ. ಅವಳು ‘ಪಾ’ ಎಂದರೆ ನೀವೂ ‘ಪಾ’ ಎನ್ನಿ, ನಂತರ ‘ಪಟ್ ಪಟ್’ ಸೇರಿಸಿ. ‘ಇದೇನು? ಹೇಳು, ಇದೇನು?’ ಎಂದು ಪರೀಕ್ಷೆ ಮಾಡಬೇಡಿ. ಕೇಳುವ ಮೊದಲೇ ಎಲ್ಲ ಕೈಗಿಡಲೂ ಬೇಡಿ. ಬಾಳೆಹಣ್ಣಿನ ತುಂಡನ್ನು ಒಳಗಿನದು ಕಾಣುವ, ಅವಳಿಂದ ತೆರೆಯಲಾಗದ ಡಬ್ಬಿಯಲ್ಲಿಟ್ಟು ಎದುರಿಗಿಡಿ. ನೋಡಿದರೂ ಸರಿ, ಕೈ ಚಾಚಿದರೂ ಸರಿ, ಸದ್ದು ಮಾಡಿದರೂ ಸರಿ, ‘ಹಣ್ಣ ಬೇಕ’ ಎಂದು ಹೇಳಿ ತಕ್ಷಣ ಕೊಡಿ. ಅಳುವವರೆಗೆ ಸತಾಯಿಸಿದರೆ ಆಟ ಕೆಡುತ್ತದೆ.

ಪ್ರಶ್ನೆ: ನಮ್ಮ ಕೂಸು 31 ವಾರಕ್ಕೆ ಹುಟ್ಟಿದೆ, ಹತ್ತು ದಿನದಿಂದ ಹುಬ್ಬಳ್ಳಿಯ ಆಸ್ಪತ್ರೆಯೊಂದರ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುದಲ್ಲಿದೆ. ಒಳಗೆ ಬಿಟ್ಟಾಗ ಮಾತಾಡಿಸಬಹುದೇ, ಇಷ್ಟು ಸಣ್ಣ ಕೂಸಿಗೆ ತ್ರಾಸಾಗುವುದಿಲ್ಲವೇ?
(ತಂದೆ, ಕಲಘಟಗಿ)

ಮಾತಾಡಿಸಬೇಕು. ಗರ್ಭದ ಸುಮಾರು 25ನೇ ವಾರದಿಂದ ಕಿವಿ ಕೆಲಸ ಶುರುಮಾಡುತ್ತದೆ. ಒಳಗಿದ್ದಿದ್ದರೆ ನಿಮ್ಮ ಕೂಸು ಇನ್ನೂ ಒಂಬತ್ತು ವಾರ ತಾಯಿಯ ದನಿ ಕೇಳುತ್ತ ಮಲಗಿರುತ್ತಿತ್ತು. ಈಗ ಅದರ ಬದಲು ಅಲಾರಂ, ಪಂಪು, ಬಾಗಿಲ ಸದ್ದು. ಎನ್‌ಐಸಿಯುದ ಸದ್ದು 45 ಡೆಸಿಬಲ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಶಿಫಾರಸು. ನಮ್ಮ ಸಾಮಾನ್ಯ ಮಾತುಕತೆಯೇ 60ರ ಹತ್ತಿರ ಇರುತ್ತದೆ. ಹಾಗಾಗಿ ದನಿ ತಗ್ಗಿಸಿ, ಹತ್ತಿರ ಹೋಗಿ. ಇನ್‌ಕ್ಯುಬೇಟರಿನ ಮೇಲೆ ಬೆರಳಿಂದ ಬಡಿಯಬೇಡಿ, ಬಾಟಲಿ, ಫೈಲು ಇಡಬೇಡಿ. ಹೊರಗೆ ಸಣ್ಣದೆನಿಸುವ ಸದ್ದು ಒಳಗೆ ಜೋರಾಗಿ ಕೇಳುತ್ತದೆ. ಕಿಂಡಿಯ ಮುಚ್ಚಳವನ್ನು ಒತ್ತಿ ಹಿಡಿದು ಮೆಲ್ಲಗೆ ಹಾಕಿ. ಹಾಡು ಹಚ್ಚಿದ ಮೊಬೈಲನ್ನು ಒಳಗಿಡುವುದಂತೂ ಬೇಡವೇ ಬೇಡ.

ಕ್ರಮ ಹೀಗಿರಲಿ. ಕೈ ತೊಳೆದುಕೊಂಡು ಮೊದಲು ಬರೀ ದನಿ: ಹೆಸರಿಡದಿದ್ದರೆ ‘ಕೂಸಪ್ಪಾ’ ಎಂದರೂ ಸರಿ, ನಾಲ್ಕು ಮಾತು. ಕೂಸು ಶಾಂತವಾಗಿದ್ದರೆ ಒಂದು ಕೈ ತಲೆಯ ಮೇಲೆ, ಇನ್ನೊಂದು ಪಾದದ ಮೇಲೆ ಸುಮ್ಮನೆ ಇಡಿ, ಸವರಬೇಡಿ. ಈ ವಯಸ್ಸಿನಲ್ಲಿ ದನಿ, ಸವರುವಿಕೆ, ಅಲುಗಾಟ ಮೂರೂ ಒಟ್ಟಿಗೆ ಬಂದರೆ ಅದಕ್ಕೆ ತಾಳಲಾಗುವುದಿಲ್ಲ. ಎರಡು ಮೂರು ನಿಮಿಷ ಮಾತಾಡಿ, ನಿಲ್ಲಿಸಿ, ನೋಡಿ. ಉಸಿರು ಸಮನಾಗಿದೆ, ಕೈ ಬಾಯಿಯ ಹತ್ತಿರ ಹೋಗುತ್ತಿದೆ, ಕಣ್ಣು ತೆರೆದಿದೆ ಎಂದರೆ ಮುಂದುವರಿಸಿ. ಬೆರಳು ಹರವಿ ಚಾಚುವುದು, ಮೇಲಿಂದ ಮೇಲೆ ಆಕಳಿಕೆ, ಬಿಕ್ಕಳಿಕೆ, ಸೀನು, ಮುಖ ತಿರುಗಿಸುವುದು ಇವೆಲ್ಲ ‘ಸಾಕು’ ಎಂಬ ಸೂಚನೆ. ಮಾತು ನಿಲ್ಲಿಸಿ, ಕೈ ಮಾತ್ರ ಹಾಗೇ ಇರಲಿ. ಮೈಬಣ್ಣ ಬದಲಾದರೆ ಅಥವಾ ಮಾನಿಟರಿನಲ್ಲಿ ಆಮ್ಲಜನಕ ಇಳಿದರೆ ನರ್ಸ್‌ಗೆ ಕೂಡಲೇ ಹೇಳಿ.

ಇದೆಲ್ಲಕ್ಕಿಂತ ಉತ್ತಮ ಜಾಗ ನಿಮ್ಮ ಎದೆ. ಕಾಂಗರೂ ಆರೈಕೆ ಎಂಬ ಈ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು. ದಿನಕ್ಕೆ 8ರಿಂದ 24 ತಾಸು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಟೊಪ್ಪಿಗೆ ಮತ್ತು ಡೈಪರ್ ಬಿಟ್ಟು ಕೂಸಿಗೆ ಬೇರೆ ಬಟ್ಟೆ ಬೇಡ. ಬರಿ ಎದೆಯ ಮೇಲೆ ನೆಟ್ಟಗೆ ಇಟ್ಟು, ಮುಖ ಒಂದು ಬದಿಗೆ ತಿರುಗಿಸಿ, ಕತ್ತು ಮುಂದಕ್ಕೆ ಮಡಚಿ ಮೂಗು ಮುಚ್ಚದಂತೆ ನೋಡಿಕೊಂಡು, ಕಾಲು ಕಪ್ಪೆಯಂತೆ ಮಡಚಿ, ಮೇಲೆ ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಕು. ಒಮ್ಮೆ ಕುಳಿತರೆ ಒಂದು ತಾಸಿಗೆ ಕಡಿಮೆ ಬೇಡ, ಎತ್ತಿ ಇಳಿಸುವುದೇ ಕೂಸಿಗೆ ಆಯಾಸ. ತಂದೆಯೂ ಮಾಡಬಹುದು, ಮಾಡಬೇಕು. ಜೋಗುಳ ಗುನುಗಲು ಇದೇ ಹೊತ್ತು. ದನಿ ಎದೆಯ ಕಂಪನದ ಮೂಲಕವೂ ಕೂಸನ್ನು ಮುಟ್ಟುತ್ತದೆ.

ಡಿಸ್ಚಾರ್ಜ್ ಆದ ಮೇಲೆ ತವರುಮನೆಯ ಬಾಣಂತನದ ಕೋಣೆಯ ಬಗ್ಗೆ ಒಂದು ಮಾತು. ಕೂಸನ್ನು ಬೆಚ್ಚಗಿಡುವುದು, ಕುಂಚಿಗೆ ಕಟ್ಟುವುದು ಸರಿ. ಕಿವಿಗೆ ಹತ್ತಿ ತುರುಕಿ, ಕಿಟಕಿ ಮುಚ್ಚಿ, ಯಾರೂ ಸದ್ದು ಮಾಡದಂತೆ ತಿಂಗಳುಗಟ್ಟಲೆ ಇಡುವುದು ಸರಿಯಲ್ಲ. ಕೂಸು ಎಚ್ಚರವಿದ್ದಾಗ ಬೆಳಕು ಬೇಕು, 20ರಿಂದ 30 ಸೆಂಟಿಮೀಟರ್ ದೂರದಲ್ಲಿ ನಿಮ್ಮ ಮುಖ ಬೇಕು. ಅದು ತುಟಿಯ ಚಲನೆ ನೋಡುತ್ತದೆ.

ಪ್ರಶ್ನೆ: ನಮ್ಮ ಅವಳಿ ಮಕ್ಕಳಿಗೆ ಡಿಸ್ಚಾರ್ಜಿನ ದಿನ ಕಿವಿಯಲ್ಲಿ ಸಣ್ಣ ಬಿರಡೆ ಇಟ್ಟು ಪರೀಕ್ಷೆ ಮಾಡಿ ‘ಪಾಸ್’ ಎಂದು ಬರೆದುಕೊಟ್ಟಿದ್ದಾರೆ. ಈಗ ಬೇರೆ ಡಾಕ್ಟರು ಬೆರಾ ಎಂಬ ಇನ್ನೊಂದು ಕಿವಿ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಎರಡೆರಡು ಸಲ ಯಾಕೆ?
(ರಾಣೇಬೆನ್ನೂರು)

ನಿಮ್ಮ ಎರಡನೇ ಡಾಕ್ಟರು ಹೇಳಿದ್ದು ಸರಿ. ಬಿರಡೆ ಇಟ್ಟು ಮಾಡಿದ್ದು ಓಎಇ, ಅದು ಒಳಗಿವಿಯ ಕೂದಲ ಕೋಶಗಳು ಕೆಲಸ ಮಾಡುತ್ತಿವೆಯೇ ಎಂದಷ್ಟೇ ಹೇಳುತ್ತದೆ. ಅಲ್ಲಿಂದ ಸದ್ದು ನರದ ಮೂಲಕ ಮಿದುಳಕಾಂಡ ತಲುಪುತ್ತಿದೆಯೇ ಎಂಬುದನ್ನು ಬೆರಾ ಹೇಳುತ್ತದೆ. ತೀವ್ರ ಕಾಮಾಲೆ ಆದ, ಉಸಿರು ಕಟ್ಟಿದ ಮಕ್ಕಳಲ್ಲಿ ಕೋಶ ಚೆನ್ನಾಗಿದ್ದು ನರದ ದಾರಿ ಕೆಟ್ಟಿರಬಹುದು. ಅಂಥ ಮಗು ಓಎಇಯಲ್ಲಿ ಪಾಸಾಗಿಬಿಡುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಆದ್ದರಿಂದ ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುದಲ್ಲಿದ್ದ ಮಕ್ಕಳಿಗೆ ಬೆರಾ ವಿಧಾನದ ಪರೀಕ್ಷೆಯೇ ಆಗಬೇಕು. ವೆಂಟಿಲೇಟರ್, ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಇಂಜೆಕ್ಷನ್ ಐದು ದಿನ ಮೀರಿದ್ದು, ರಕ್ತ ಬದಲಿಸಿದ್ದು, ಮಿದುಳ ಸೋಂಕು ಇವುಗಳಲ್ಲಿ ಒಂದಾದರೂ ಇದ್ದರೆ ಪಾಸಾದ ಮೇಲೂ 9 ತಿಂಗಳೊಳಗೆ ಮತ್ತೊಮ್ಮೆ ತೋರಿಸಿ, ಕೆಲವರಲ್ಲಿ ಕಿವುಡು ತಡವಾಗಿ ಬರುತ್ತದೆ. ಇಬ್ಬರಿಗೂ ಬೇರೆ ಬೇರೆ ಮಾಡಿಸಿ. ಒಂದು ಕೂಸು ಪಾಸಾದರೆ ಇನ್ನೊಂದೂ ಪಾಸ್ ಎಂದಲ್ಲ.

ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣಯಂತ್ರ ಅಥವಾ ತರಬೇತಿ: ಗುರಿ ಇದು. ಇಷ್ಟು ಎಳೆಯ ಕೂಸಿಗೆ ಯಂತ್ರವೇ ಎಂದು ಹಿಂಜರಿಯಬೇಡಿ.

ಬೆರಾ ದಿನದ ತಯಾರಿ ಯಾರೂ ಸರಿಯಾಗಿ ಹೇಳುವುದಿಲ್ಲ, ಹಾಗಾಗಿ ಊರಿಂದ ಹೋದವರು ಮರಳಿ ಬರಬೇಕಾಗುತ್ತದೆ. ಹಣೆಗೆ ಮತ್ತು ಕಿವಿಯ ಹಿಂದೆ ತಂತಿಯ ಪಟ್ಟಿ ಅಂಟಿಸುತ್ತಾರೆ. ಹಿಂದಿನ ದಿನ ಎಣ್ಣೆ ಹಚ್ಚಿದ್ದರೆ, ಹಣೆಗೆ ವಿಭೂತಿ, ಕಾಡಿಗೆ ಬೊಟ್ಟು ಇಟ್ಟಿದ್ದರೆ ಅದು ಹಿಡಿಯುವುದಿಲ್ಲ. ತಲೆ ತೊಳೆದು ಒಣಗಿಸಿ ಕರೆದೊಯ್ಯಿರಿ. ಪರೀಕ್ಷೆ ನಿದ್ದೆಯಲ್ಲೇ ನಡೆಯಬೇಕು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಲಗಿಬಿಟ್ಟ ಕೂಸು ಅಲ್ಲಿ ಕಣ್ಣು ಬಿಟ್ಟುಕೊಂಡು ಆಡುತ್ತದೆ! ಎಚ್ಚರವಿಟ್ಟು ಕರೆದೊಯ್ದು, ಕೋಣೆಯಲ್ಲೇ ಹಾಲು ಕುಡಿಸಿ ಮಲಗಿಸಿ. ದೊಡ್ಡ ಮಕ್ಕಳಿಗೆ ನಿದ್ದೆಯ ಔಷಧ ಬೇಕಾದರೆ ಅದನ್ನು ಡಾಕ್ಟರೇ ಕೊಡಬೇಕು. ಮನೆಯಲ್ಲಿ ತಾಟು ಬೀಳಿಸಿ, ಚಪ್ಪಾಳೆ ತಟ್ಟಿ ನೋಡುವುದನ್ನು ನಂಬಬೇಡಿ. ನೆಲದ ಅದುರುವಿಕೆಗೂ ಮಗು ಬೆಚ್ಚುತ್ತದೆ. ತಾಟಿನ ಸದ್ದು ಕೇಳುವ ಮಗುವಿಗೆ ‘ಸ’, ‘ಶ’ ಕೇಳದೆಯೂ ಇರಬಹುದು.

ಪ್ರಶ್ನೆ: ಮೊಮ್ಮಗ ಎಂಟು ತಿಂಗಳಿಗೇ ಹುಟ್ಟ್ಯಾನ. ಮಾತು ಲಗೂ ಬರಲಿ ಅಂತ ಬಜಿ ತೇಯ್ದು ಜೇನತುಪ್ಪದಾಗ ನಾಲಿಗಿಗೆ ಹಚ್ಚಿದ್ರ ಸೊಸಿ ಬ್ಯಾಡ ಅಂತಾಳ. ನಾಲಿಗಿ ಕೆಳಗಿನ ದಾರಾನೂ ಕತ್ತರಿಸಬೇಕಂತ ಒಬ್ರು ಹೇಳ್ಯಾರ.
(ಅಜ್ಜಿ, ಬ್ಯಾಡಗಿ)

ಅಮ್ಮಾ, ಈ ಸಲ ಸೊಸೆಯ ಮಾತು ಕೇಳಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ನರಗಳಿಗೆ ವಿಷವಾಗುತ್ತದೆ. ಬೇಗ ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವುದೇ ಕಷ್ಟ. ಖಾರದ ಬಜೆ ನಾಲಿಗೆಗೆ ತಾಗಿದರೆ ಕೆಮ್ಮಿ, ವಾಂತಿಯಾಗಿ ಪುಪ್ಪುಸಕ್ಕೆ ಹೋಗಬಹುದು. ಬಜೆಯಿಂದ ಮಾತು ಬರುವುದಿಲ್ಲ. ನಾಲಿಗೆಯ ದಾರ ಬಿಗಿಯಿದ್ದರೆ ಹಾಲು ಚೀಪಲು ತೊಂದರೆಯಾಗಬಹುದು, ಮುಂದೆ ‘ಲ’, ‘ರ’ದಂಥ ಅಕ್ಷರ ಸ್ವಲ್ಪ ಕೆಡಬಹುದು. ಮಾತೇ ಬಾರದಿರಲು ಅದು ಕಾರಣವಲ್ಲ. ಎರೆದ ಮೇಲೆ ಕಿವಿಗೆ ಎಣ್ಣೆ ಬಿಡುವ ರೂಢಿಯನ್ನೂ ಕೈಬಿಡಿ. ನಿಮ್ಮಿಂದ ಆಗಬೇಕಾದದ್ದು ಬೇರೆ ಇದೆ: ಕಾಲ ಮೇಲೆ ಮಲಗಿಸಿಕೊಂಡು ಎರೆಯುವಾಗ ‘ಕೈ ಎಲ್ಲೈತಿ, ಕಾಲು ಎಲ್ಲೈತಿ’ ಎಂದು ಹಾಡಿ ಹೇಳುತ್ತೀರಲ್ಲ, ಅದನ್ನು ಬಿಡಬೇಡಿ.

ಪ್ರಶ್ನೆ: ಮನೆಯಲ್ಲಿ ಉರ್ದು, ಹೊರಗೆ ಕನ್ನಡ. ಮಗು ಬೇಗ ಹುಟ್ಟಿದ್ದರಿಂದ ಒಂದೇ ಭಾಷೆ ಇಟ್ಟುಕೊಳ್ಳಿ, ಅದೂ ಇಂಗ್ಲಿಷ್ ಆದರೆ ಶಾಲೆಗೆ ಒಳ್ಳೆಯದು ಎನ್ನುತ್ತಾರೆ.
(ಧಾರವಾಡ)

ಬೇಡ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಅವಧಿಪೂರ್ವ ಮಕ್ಕಳಲ್ಲೂ ಅಷ್ಟೇ. ಪದ ಎಣಿಸುವಾಗ ಉರ್ದುವಿನ ಪದ, ಕನ್ನಡದ ಪದ ಎರಡನ್ನೂ ಕೂಡಿಸಿ. ನಿಮಗೇ ಸಲೀಸಾಗಿ ಬಾರದ ಇಂಗ್ಲಿಷಿನಲ್ಲಿ ‘ಕಮ್, ಸಿಟ್’ ಎಂದರೆ ಮಗುವಿಗೆ ಸಿಗುವುದು ನಾಲ್ಕು ಆಜ್ಞೆಗಳಷ್ಟೇ.

ಪ್ರಶ್ನೆ: 33 ವಾರಕ್ಕೆ ಹುಟ್ಟಿದ ಮಗನಿಗೆ ಈಗ ಎರಡು ವರ್ಷ ಮೂರು ತಿಂಗಳು. ಮೊಬೈಲ್ ನೋಡಿ ಎಬಿಸಿಡಿ ಪೂರ್ತಿ ಹೇಳುತ್ತಾನೆ, ಹಾಡೂ ಹೇಳುತ್ತಾನೆ. ಆದರೆ ನೀರು ಬೇಕೆಂದರೆ ಕೈ ಹಿಡಿದು ಎಳೆಯುತ್ತಾನೆ, ಕರೆದರೆ ನೋಡುವುದಿಲ್ಲ.
(ಕುಂದಗೋಳ)

ಕಂಠಪಾಠ ಮಾತಲ್ಲ. ಇನ್ನೊಬ್ಬರಿಗೆ ಏನೋ ತಿಳಿಸಲು ಬಳಸಿದಾಗ ಅದು ಮಾತು. ಸರಿಪಡಿಸಿದ ವಯಸ್ಸು ಇಪ್ಪತ್ತೈದು ತಿಂಗಳು ದಾಟಿದೆ, ಇನ್ನು ಕಾಯುವ ಹಾಗಿಲ್ಲ. ಮೊದಲು ಕಿವಿ ಪರೀಕ್ಷೆ. ಜೊತೆಗೆ ಆಟಿಸಂ (ಇತರರೊಡನೆ ಬೆರೆಯುವುದು, ಸಂವಹನ ಕಷ್ಟವಾಗುವ ಬೆಳವಣಿಗೆಯ ತೊಂದರೆ) ತಪಾಸಣೆ: 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ, ತಂದೆತಾಯಿ ಉತ್ತರಿಸಿದರೆ ಆಯಿತು. ಅದರಲ್ಲಿ ಅಂಕ ಹೆಚ್ಚು ಬಂದರೆ ಆಟಿಸಂ ಎಂದೇ ಅರ್ಥವಲ್ಲ, ಮುಂದಿನ ಪರೀಕ್ಷೆ ಬೇಕು ಎಂದರ್ಥ. ಬೇಗ ಹುಟ್ಟಿದ ಮಕ್ಕಳಲ್ಲಿ ಇದರ ಸಾಧ್ಯತೆ ಇತರರಿಗಿಂತ ಹೆಚ್ಚು, ಆದ್ದರಿಂದ ತಪಾಸಣೆ ತಪ್ಪಿಸಬೇಡಿ.

ಮೊಬೈಲಿನಿಂದಲೇ ಹೀಗಾಯಿತು ಎಂದು ನಿಮ್ಮನ್ನು ನೀವು ಹಳಿದುಕೊಳ್ಳುವುದು ಬೇಡ. ಆದರೂ ಅದನ್ನು ದೂರವಿಡಬೇಕು. ಎರಡು ವರ್ಷದವರೆಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ತಾಸು ಮೀರಬಾರದು, ಅದೂ ದೊಡ್ಡವರ ಜೊತೆ ಎಂದು ಭಾರತದ ಮಕ್ಕಳ ವೈದ್ಯರ ಸಂಘ ಹೇಳಿದೆ. ಊರಲ್ಲಿಲ್ಲದ ಕಾಕಾ, ಅತ್ತಿಯ ಜೊತೆ ಆಗೀಗ ವಿಡಿಯೊ ಕರೆಗೆ ಅಡ್ಡಿಯಿಲ್ಲ. ಮೊದಲು ಊಟದ ಹೊತ್ತಿನ ಮೊಬೈಲ್ ನಿಲ್ಲಿಸಿ. ಮೊದಮೊದಲು ಊಟ ಕಡಿಮೆಯಾಗುತ್ತದೆ, ರಂಪವೂ ಆಗುತ್ತದೆ. ಆಗ ಮನೆಯಲ್ಲಿ ಒಬ್ಬರು ಸೋತು ಮೊಬೈಲ್ ಕೊಟ್ಟರೆ ಅತ್ತರೆ ಸಿಗುತ್ತದೆ ಎಂಬ ಪಾಠವಾಗುತ್ತದೆ. ಅವನು ಕೈ ಹಿಡಿದು ನೀರಿನ ಕಡೆ ಎಳೆದಾಗ ಜೊತೆಗೆ ಹೋಗಿ, ಲೋಟ ನಿಮ್ಮ ಮುಖದ ಹತ್ತಿರ ಹಿಡಿದು ‘ನೀರು’ ಎಂದು ತಡೆದು, ಒಂದು ನೋಟ ಸಿಕ್ಕ ಕೂಡಲೇ ಕೊಡಿ.

ಪ್ರಶ್ನೆ: ಮಗಳು 28 ವಾರಕ್ಕೆ ಹುಟ್ಟಿದವಳು, ಈಗ ನಾಲ್ಕೂವರೆ ವರ್ಷ. ಮಾತು ಚೆನ್ನಾಗಿಯೇ ಬಂದಿದೆ. ಆದರೂ ಬಾಲವಾಡಿಯ ಟೀಚರ್ ‘ಹೇಳಿದ್ದು ತಲೆಗೆ ಹೋಗುವುದಿಲ್ಲ, ಕಥೆ ಹೇಳಲು ಬರುವುದಿಲ್ಲ’ ಎನ್ನುತ್ತಾರೆ.
(ಲಕ್ಷ್ಮೇಶ್ವರ)

ಟೀಚರ್ ಗಮನಿಸಿದ್ದು ಮುಖ್ಯ ಸಂಗತಿ, ದೂರು ಎಂದುಕೊಳ್ಳಬೇಡಿ. ಬಹಳ ಬೇಗ ಹುಟ್ಟಿದ ಕೆಲವು ಮಕ್ಕಳು ಪದಗಳಲ್ಲಿ ಉಳಿದವರಿಗೆ ಸರಿಗಟ್ಟುತ್ತಾರೆ. ಉದ್ದ ವಾಕ್ಯ, ಕಾರಣ ಹೇಳುವುದು, ಘಟನೆಯನ್ನು ಕ್ರಮವಾಗಿ ಹೇಳುವುದು ಬಂದಾಗ ಹಿಂದೆ ಬೀಳುತ್ತಾರೆ. ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆಯಿರುವುದು ಒಂದು ಕಾರಣ. ‘ಚಪ್ಪಲಿ ಬಿಚ್ಚಿಟ್ಟು, ಕೈ ತೊಳೆದು, ಡಬ್ಬಿ ತಗೊಂಡು ಬಾ’ ಎಂದರೆ ಅವಳಿಗೆ ನಿಲ್ಲುವುದು ಡಬ್ಬಿ ಮಾತ್ರ. ದಡ್ಡತನವಲ್ಲ, ಹಟವೂ ಅಲ್ಲ.

ಒಮ್ಮೆಗೆ ಎರಡು ಹೆಜ್ಜೆಯ ಸೂಚನೆ ಕೊಡಿ, ಅವಳ ಬಾಯಿಂದಲೇ ತಿರುಗಿ ಹೇಳಿಸಿ, ಆಮೇಲೆ ಕಳಿಸಿ. ಸರಾಗವಾದ ಮೇಲೆ ಮೂರಕ್ಕೆ ಹೋಗಿ. ಕಥೆಗೆ ಮೂರು ಚಿತ್ರ ಸಾಕು: ಮೋಡ, ಮಳೆ, ತೊಯ್ದ ಹುಡುಗ. ಜೋಡಿಸಲಿ, ಹೇಳಲಿ. ತಡವರಿಸಿದಲ್ಲಿ ‘ಆಮ್ಯಾಲೆ?’ ಎಂದಷ್ಟೇ ಕೇಳಿ. ಎರಡನೇ ವಾರದಿಂದ ‘ಯಾಕ ತೊಯ್ದ?’ ಸೇರಿಸಿ. ಸಂತೆಗೆ ಹೋಗಿ ಬಂದ ದಿನ ರಾತ್ರಿ ಅದನ್ನೇ ಅಪ್ಪನಿಗೆ ಹೇಳಿಸಿ. ‘ಮೊದಲ ಎಲ್ಲಿಗೆ ಹೋದ್ವಿ?’ ಎಂದು ನೀವು ಎಳೆ ಹಿಡಿದುಕೊಡಿ. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ, ಕಿಟಕಿ ಮತ್ತು ಬಾಗಿಲಿನಿಂದ ದೂರ ಕೂರಿಸಲು ವಿನಂತಿಸಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ನಿಂತು ಕೇಳುವುದು ಮಂದವಾಗಿರುತ್ತದೆ, ಅದನ್ನೂ ನೋಡಿಸಿ. ಕಣ್ಣನ್ನೂ ತೋರಿಸಿ, 28 ವಾರದ ಮಕ್ಕಳಿಗೆ ರೆಟಿನಾ ತಪಾಸಣೆ ಎಳವೆಯಲ್ಲೇ ಆಗಿದ್ದರೂ ಮುಂದೆ ಚಾಳೀಸು ಬೇಕಾಗುವುದು ಸಾಮಾನ್ಯ.

ಪ್ರಶ್ನೆ: ನವಲಗುಂದ ತಾಲ್ಲೂಕಿನ ಹಳ್ಳಿಯವರು ನಾವು. ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು?

ಆಶಾ ಕಾರ್ಯಕರ್ತೆಗೆ ಮೊದಲು ತಿಳಿಸಿ. 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಬಂದು ನೋಡುವುದು ಅವರ ಕೆಲಸದಲ್ಲೇ ಸೇರಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಬೆಳವಣಿಗೆಯ ತೊಂದರೆ ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ, ಚೀಟಿ ಬರೆದುಕೊಡುತ್ತಾರೆ. ಈ ಕಾರ್ಯಕ್ರಮದಡಿ ತಪಾಸಣೆ ಮತ್ತು ಚಿಕಿತ್ಸೆ ಉಚಿತ. ತಂಡ ಬರಲೆಂದು ತಿಂಗಳುಗಟ್ಟಲೆ ಕಾಯಬೇಕಿಲ್ಲ, ನೇರ ಹೋಗಬಹುದು. ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ದೊಡ್ಡ ಆಸ್ಪತ್ರೆಗೆ ಹೋಗುವುದಾದರೆ ಬೆರಾ ಯಾವ ವಾರ, ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಕೊಳ್ಳಿ.

ತಾಯಿ ಕಾರ್ಡು, ಎನ್‌ಐಸಿಯುದ ಡಿಸ್ಚಾರ್ಜ್ ಕಾಗದ, ಕಿವಿ ಮತ್ತು ಕಣ್ಣಿನ ಪರೀಕ್ಷೆಯ ವರದಿ ಒಂದೇ ಚೀಲದಲ್ಲಿರಲಿ. ಡಿಸ್ಚಾರ್ಜ್ ಕಾಗದದಲ್ಲಿ ಎಷ್ಟು ವಾರಕ್ಕೆ ಹುಟ್ಟಿತು, ಯಾವ ಇಂಜೆಕ್ಷನ್ ಎಷ್ಟು ದಿನ ಕೊಟ್ಟರು ಎಂಬುದಿರುತ್ತದೆ, ಅದು ಕಳೆದಿದ್ದರೆ ಆಸ್ಪತ್ರೆಯಿಂದ ಪ್ರತಿ ಪಡೆಯಿರಿ. ಹೊಸ ಜಾಗದಲ್ಲಿ ಮಕ್ಕಳು ತುಟಿ ಬಿಚ್ಚುವುದಿಲ್ಲ; ಮನೆಯಲ್ಲಿ ಆಡುತ್ತ ಸದ್ದು ಮಾಡುವಾಗ ಒಂದೆರಡು ನಿಮಿಷದ ವಿಡಿಯೊ ಮಾಡಿಟ್ಟುಕೊಂಡು ಹೋಗಿ. ಆ ದಿನ ಮಗುವಿಗೆ ನೆಗಡಿಯಿದ್ದರೆ ಕಿವಿ ಪರೀಕ್ಷೆಯನ್ನು ಬೇಕಾದರೆ ಮುಂದೆ ಹಾಕಿಸಿಕೊಳ್ಳಿ, ಮಾತಿನ ತಪಾಸಣೆಯನ್ನು ಅದೇ ದಿನ ಮುಗಿಸಿಕೊಂಡೇ ಬನ್ನಿ.